ಅಂತರಿಕ್ಷದಲ್ಲಿ ಆಂಟಿಬಯೋಟಿಕ್ ಕೆಲಸ ಮಾಡಲ್ವಾ? ಪರೀಕ್ಷೆ ಮಾಡೋದಾದರೂ ಹೇಗೆ?

ಸಿರಿ_ಮೈಕ್ರೋ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಿಎಸ್ಸಿ ಮೈಕ್ರೋಬಯಾಲಜಿ ಎರಡನೇ ವರ್ಷ ಓದುತ್ತಿದ್ದೇನೆ. ಮುಂದಿನ ತಿಂಗಳು ಸೆಮಿನಾರ್ ಇದೆ, ವಿಷಯ ನಾವೇ ಆರಿಸಿಕೊಳ್ಳಬೇಕು. ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಚಿಕ್ಕಪ್ಪ ಒಂದು ಮೆಸೇಜ್ ಹಾಕಿದ್ದರು, "ಅಂತರಿಕ್ಷಕ್ಕೆ ಹೋದ ಬ್ಯಾಕ್ಟೀರಿಯಾ ಯಾವ ಔಷಧಿಗೂ ಸಾಯಲ್ಲ, ವಾಪಸ್ ಬಂದರೆ ಎಲ್ಲರ ಕಥೆ ಮುಗೀತು" ಅಂತ. ಅರ್ಧ ಸುಳ್ಳು ಇರುತ್ತೆ ಅಂತ ಗೊತ್ತು. ಆದರೆ ಉಳಿದ ಅರ್ಧ ಏನು ಅನ್ನೋದು ತಲೆಯಲ್ಲಿ ಕೂತುಬಿಟ್ಟಿದೆ.

ನಾವು ಪ್ರಾಕ್ಟಿಕಲ್‌ನಲ್ಲಿ ಬ್ಯಾಕ್ಟೀರಿಯಾ ಹರಡಿದ ಪ್ಲೇಟ್ ಮೇಲೆ ಔಷಧಿಯ ಡಿಸ್ಕ್ ಇಟ್ಟು, ಸುತ್ತ ಬೆಳೆಯದೆ ಉಳಿದ ಜಾಗ, ಅಂದರೆ ಝೋನ್ ಅಳೆಯೋದು ಮಾಡಿದ್ದೇವೆ. ಅಲ್ಲಿ ತೇಲಾಡುತ್ತಾ ಅದನ್ನೆಲ್ಲ ಮಾಡ್ತಾರಾ? ಬನ್ಸನ್ ಬರ್ನರ್ ಅಂತೂ ಹಚ್ಚೋ ಹಾಗಿಲ್ಲ. ಬ್ಯಾಕ್ಟೀರಿಯಾ ಅಷ್ಟು ಚಿಕ್ಕದು, ಅದಕ್ಕೆ ಗುರುತ್ವ ಇದ್ದರೇನು ಬಿಟ್ಟರೇನು? ಮೇಡಂ ಹತ್ತಿರ ಕೇಳಿದೆ, "ನೀನೇ ಓದಿ ನಮಗೂ ಹೇಳು" ಅಂದರು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮಂಡಕ್ಕಿ_ಮಿರ್ಚಿ

ಚಿಕ್ಕಪ್ಪನಿಗೆ ಮೊದಲು ನೆಗಡಿಗೆ ಆಂಟಿಬಯೋಟಿಕ್ ತಗೊಳ್ಳೋದು ನಿಲ್ಲಿಸೋಕೆ ಹೇಳಿ, ಅಂತರಿಕ್ಷದ ಮಾತು ಆಮೇಲೆ 😄

ಹಳೇ_ಲ್ಯಾಬ್_ಕೈ

ಸಿರಿ, ಒಳ್ಳೆ ಪ್ರಶ್ನೆ. ನಾನು ಹುಬ್ಬಳ್ಳಿ ಕಡೆಯವನು. ಇಪ್ಪತ್ತು ವರ್ಷದಿಂದ ಕಲ್ಚರ್ ಸೆನ್ಸಿಟಿವಿಟಿ ಬೆಂಚಿನಲ್ಲೇ ಕೂತಿದ್ದೇನೆ, ಅಂದರೆ ಯಾವ ಬ್ಯಾಕ್ಟೀರಿಯಾಗೆ ಯಾವ ಔಷಧಿ ನಾಟುತ್ತೆ ಅಂತ ನೋಡೋ ಕೆಲಸ. ಅಂತರಿಕ್ಷದ ಸಂಶೋಧನೆ ನನ್ನ ಕೆಲಸ ಅಲ್ಲ, ಹುಚ್ಚಿಗೆ ಓದಿದ್ದು ಅಷ್ಟೇ.

ಡಿಸ್ಕ್ ಬಿಡಿ. ಅದರಲ್ಲಿ ಔಷಧಿ ಅಗರ್ (ಪ್ಲೇಟಿನ ಜೆಲ್ಲಿ) ಒಳಗೆ ಹರಡಿ ಒಂದು ಉಂಗುರ ಬರುತ್ತೆ, ಸ್ಕೇಲ್ ಇಟ್ಟು ಮಿಲಿಮೀಟರ್ ಬರೆದುಕೊಳ್ಳುತ್ತೇವೆ. ಅಂತರಿಕ್ಷದ ಪ್ರಯೋಗಗಳಲ್ಲಿ ಜಾಸ್ತಿ ನಡೆದದ್ದು ದ್ರವದಲ್ಲಿ, ಅಂದರೆ ಎಂಐಸಿ ಥರದ್ದು, ಬೆಳವಣಿಗೆ ತಡೆಯೋಕೆ ಕಡಿಮೆ ಅಂದರೆ ಎಷ್ಟು ಔಷಧಿ ಬೇಕು ಅಂತ ನೋಡೋದು. ಸಾಲಾಗಿ ಟ್ಯೂಬ್‌ಗಳು, ಒಂದೊಂದರಲ್ಲೂ ಔಷಧಿಯ ಪ್ರಮಾಣ ಹೆಚ್ಚುತ್ತಾ ಹೋಗುತ್ತೆ. ಯಾವ ಟ್ಯೂಬಿನಿಂದ ಮುಂದೆ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸೋ ದ್ರವ) ಮಂಕಾಗದೆ ತಿಳಿಯಾಗಿ ಉಳಿಯುತ್ತೋ ಅದೇ ಉತ್ತರ. ಇದನ್ನು ಮೊದಲು ಅಲ್ಲಿ ಮಾಡಿದ್ದು 1982ರಲ್ಲಿ. ಸೋವಿಯತ್ತರ ಸಲ್ಯೂತ್ 7 ನಿಲ್ದಾಣಕ್ಕೆ ಫ್ರಾನ್ಸಿನ ಝಾನ್-ಲೂ ಕ್ರೆತಿಯನ್ ಹೋಗಿದ್ದರಲ್ಲ, ಆಗ. ಪ್ರಯೋಗದ ಹೆಸರು ಸೈಟೋಸ್ 2. ಇ. ಕೋಲೈ ಬ್ಯಾಕ್ಟೀರಿಯಾಗೆ ಕೊಲಿಸ್ಟಿನ್, ಕನಾಮೈಸಿನ್ ಅನ್ನೋ ಆಂಟಿಬಯೋಟಿಕ್. ಸ್ಟ್ಯಾಫ್ ಆರಿಯಸ್‌ಗೆ ಆಕ್ಸಾಸಿಲಿನ್, ಎರಿತ್ರೋಮೈಸಿನ್, ಕ್ಲೋರಾಂಫೆನಿಕಾಲ್. ಭೂಮಿಯ ಮೇಲೆ ತಡೆಯೋಕೆ ಸಾಕಾಗಿದ್ದ ಪ್ರಮಾಣ ಅಲ್ಲಿ ಸಾಕಾಗಲಿಲ್ಲ, ಎರಡೂ ಜಾತಿಗೆ ಜಾಸ್ತಿ ಬೇಕಾಯಿತು. 1985ರಲ್ಲಿ ಚಾಲೆಂಜರ್ ನೌಕೆಯಲ್ಲಿ ಸ್ಪೇಸ್‌ಲ್ಯಾಬ್ ಡಿ-1 ಹೋದಾಗ ಅದೇ ಫ್ರೆಂಚ್ ತಂಡ ಇನ್ನೊಮ್ಮೆ ನೋಡಿತು. ಆ ಸಲ ಚಿಕ್ಕ ಸೆಂಟ್ರಿಫ್ಯೂಜ್ ಕೂಡ ಜೊತೆಗಿತ್ತು. ಅದೇ ನೌಕೆಯಲ್ಲೇ ಕೆಲವು ಟ್ಯೂಬುಗಳನ್ನು ತಿರುಗಿಸಿ ಭೂಮಿಯಷ್ಟೇ ಭಾರ ಕೊಡಬಹುದು. ನನಗೆ ತುಂಬ ಹಿಡಿಸಿದ್ದು ಇದೇ. ಉಡಾವಣೆಯ ಅದುರು, ವಿಕಿರಣ, ಕಾದ ದಿನಗಳು, ಎಲ್ಲ ಎರಡಕ್ಕೂ ಒಂದೇ, ಭಾರ ಮಾತ್ರ ಬೇರೆ. ಇದಕ್ಕಿಂತ ಒಳ್ಳೆ ಕಂಟ್ರೋಲ್ ಬೇಕಾ?

ಗುರುತ್ವ ಇದ್ದರೇನು ಬಿಟ್ಟರೇನು ಅಂತ ಕೇಳಿದಿರಿ. ಬ್ಯಾಕ್ಟೀರಿಯಾಗೆ ನೇರವಾಗಿ ಅಷ್ಟಾಗಿ ಗೊತ್ತಾಗಲ್ಲ ಅಂತಲೇ ಹೇಳುತ್ತಾರೆ, ಅದರ ಸುತ್ತ ಇರುವ ನೀರಿಗೆ ಗೊತ್ತಾಗುತ್ತೆ. ಇಲ್ಲಿ ಟ್ಯೂಬಿನೊಳಗೆ ಯಾವಾಗಲೂ ಏನೋ ಒಂದು ಓಡಾಟ ಇರುತ್ತೆ, ಭಾರದ್ದು ಇಳಿಯುತ್ತೆ, ಹಗುರಾದದ್ದು ಏಳುತ್ತೆ, ನೀವು ಕಲಕದಿದ್ದರೂ ಸ್ವಲ್ಪ ಸ್ವಲ್ಪ ಕಲಕುತ್ತಲೇ ಇರುತ್ತೆ. ಅಲ್ಲಿ ಅದು ನಿಂತುಹೋಗುತ್ತೆ. ಊಟ ಬ್ಯಾಕ್ಟೀರಿಯಾ ಹತ್ತಿರ ಬರೋದು, ಅದರ ಕಸ ದೂರ ಹೋಗೋದು, ಔಷಧಿ ಬಂದು ತಗುಲೋದು, ಎಲ್ಲ ಬರೀ ಡಿಫ್ಯೂಷನ್‌ನಿಂದ, ತನ್ನಷ್ಟಕ್ಕೆ ಆಮೆ ವೇಗದಲ್ಲಿ. ಸಕ್ಕರೆ ಹಾಕಿ ಚಮಚ ಆಡಿಸದೆ ಬಿಟ್ಟ ಕಾಫಿ ಅಂದುಕೊಳ್ಳಿ.

ಇನ್ನೊಂದು ಮಾತು. "ರೆಸಿಸ್ಟೆನ್ಸ್" ಅನ್ನೋ ಪದ ಸೆಮಿನಾರಿನಲ್ಲಿ ಹುಷಾರಾಗಿ ಬಳಸಿ. ನಾವು ಬೆಂಚಿನಲ್ಲಿ "ಆರ್" ಅಂತ ಬರೆಯುವಾಗ ಆ ತಳಿಯ ಒಳಗೇ ಏನೋ ಬದಲಾಗಿದೆ, ಮರಿಗಳಿಗೂ ಹೋಗುತ್ತೆ ಅಂತ ಅರ್ಥ ಮಾಡಿಕೊಳ್ಳುತ್ತೇವೆ. ಅಲ್ಲಿ ಕಂಡದ್ದು ಹಾಗೇ ಅಂತ ಅದೊಂದರಿಂದಲೇ ಹೇಳೋಕೆ ಆಗಲ್ಲ.

ನಟ್ಟು_ಬೋಲ್ಟು

ಮೇಲಿನವರು ವಿಜ್ಞಾನ ಹೇಳಿದರು, ನಾನು ಡಬ್ಬಿ ಬಗ್ಗೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ನಾನು. ಬ್ಯಾಕ್ಟೀರಿಯಾ ಅಂದರೆ ಕೈ ತೊಳೆಯೋ ಜಾತಿ. ಆದರೆ ಈ ಪೆಟ್ಟಿಗೆಗಳು ನೋಡೋಕೆ ಬಲು ಮಜಾ.

ಎರಡು ದಾರಿ ಇದೆ. ಒಂದು, ಗಗನಯಾತ್ರಿಯ ಕೈಯಲ್ಲಿ ಮಾಡಿಸೋದು. 2014ರ ಜನವರಿಯಲ್ಲಿ ಸಿಗ್ನಸ್ ನೌಕೆಯಲ್ಲಿ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದ ಎಇಎಸ್-1 ಅನ್ನೋ ಪ್ರಯೋಗ ಹಾಗಿತ್ತು, ಕೊಲರಾಡೊ ವಿಶ್ವವಿದ್ಯಾಲಯದವರದ್ದು. ಒಂದು ಗಾಜಿನ ನಳಿಗೆ, ದಪ್ಪ ಸಿರಿಂಜ್ ಥರ. ಒಳಗೆ ಅಲ್ಲಲ್ಲಿ ರಬ್ಬರ್ ಬಿರಡೆ, ಬಿರಡೆಗಳ ನಡುವೆ ಬೇರೆ ಬೇರೆ ದ್ರವ. ಒಂದರಲ್ಲಿ ಬ್ರಾತ್, ಒಂದರಲ್ಲಿ ಬ್ಯಾಕ್ಟೀರಿಯಾ, ಮುಂದೆ ಔಷಧಿ, ಕೊನೆಗೆ ಎಲ್ಲವನ್ನೂ ಹಾಗೇ ಹೆಪ್ಪುಗಟ್ಟಿಸಿದ ಹಾಗೆ ನಿಲ್ಲಿಸಿಬಿಡೋ ಫಿಕ್ಸೇಟಿವ್. ನಳಿಗೆಯ ಗೋಡೆ ಒಂದು ಕಡೆ ಉಬ್ಬಿರುತ್ತೆ. ಬಿರಡೆಯನ್ನು ತಳ್ಳಿದಾಗ ಅದು ಆ ಉಬ್ಬಿನ ಜಾಗಕ್ಕೆ ಬರುತ್ತೆ, ಹಿಂದಿನ ದ್ರವ ಪಕ್ಕದಿಂದ ನುಸುಳಿ ಮುಂದಿನದಕ್ಕೆ ಸೇರುತ್ತೆ. ಇಂಥ 8 ನಳಿಗೆ ಒಂದು ಡಬ್ಬಿಯಲ್ಲಿ. ಗಗನಯಾತ್ರಿ ಕೈಯಿಂದ ಹಿಡಿ ತಿರುಗಿಸಿದರೆ ಎಂಟೂ ಒಟ್ಟಿಗೆ ಬೆರೆಯುತ್ತೆ. ಚಕ್ಕುಲಿ ಒರಳು ತಿರುಗಿಸಿದ ಹಾಗೆ ಅಂತ ನಮ್ಮಮ್ಮನಿಗೆ ಹೇಳಿದೆ, ತಕ್ಷಣ ಅರ್ಥ ಆಯಿತು. ಒಂದು ಹನಿ ಹೊರಗೆ ಬರಲ್ಲ. ತೇಲೋ ಹನಿಯಲ್ಲಿ ಇ. ಕೋಲೈ ಇದ್ದರೆ ಗತಿ ಏನು ಹೇಳಿ.

ಇನ್ನೊಂದು ದಾರಿ, ಮನುಷ್ಯರ ಸಹವಾಸವೇ ಬೇಡ ಅಂತ ಉಪಗ್ರಹದೊಳಗೆ ಕೂರಿಸೋದು. ಅದೇ ಇಕ್ಯಾಮ್‌ಸ್ಯಾಟ್. ನಾಸಾದ ಏಮ್ಸ್ ಕೇಂದ್ರ ಮತ್ತು ಸ್ಟ್ಯಾನ್‌ಫರ್ಡ್ ಸೇರಿ ಮಾಡಿದ್ದು. 2017ರ ನವೆಂಬರ್‌ನಲ್ಲಿ ವರ್ಜೀನಿಯಾದ ವಾಲಪ್ಸ್‌ನಿಂದ ಮೇಲೆ ಹೋಯಿತು, ನವೆಂಬರ್ 20ಕ್ಕೆ ನಿಲ್ದಾಣದಿಂದ ಹೊರಗೆ ಬಿಟ್ಟರು. ಗಾತ್ರ ದೊಡ್ಡ ಶೂ ಡಬ್ಬಿಯಷ್ಟು. ಒಳಗೆ ಒಂದು ಪ್ಲಾಸ್ಟಿಕ್ ಕಾರ್ಡ್, ಅದರಲ್ಲಿ 48 ಪುಟ್ಟ ಗುಳಿ. ನಮ್ಮ ಪಡ್ಡಿನ ಹಂಚು ನೆನಪಾಗಲ್ವಾ? ಒಂದೊಂದು ಗುಳಿಗೂ ಕೊಳವೆ, ಬ್ಯಾಕ್ಟೀರಿಯಾ ಆಚೆ ಹೋಗದ ಹಾಗೆ ಫಿಲ್ಟರ್. ಮೊದಲು ಊಟ ಕೊಟ್ಟು ಬೆಳೆಸಿದರು, ಆಮೇಲೆ ಜೆಂಟಾಮೈಸಿನ್ ಅನ್ನೋ ಆಂಟಿಬಯೋಟಿಕ್ ಬಿಟ್ಟರು, ಬೇರೆ ಬೇರೆ ಪ್ರಮಾಣದಲ್ಲಿ, ಕೆಲವಕ್ಕೆ ಬರೀ ಕಂಟ್ರೋಲ್. ಕೊನೆಗೆ ಅಲಮಾರ್ ಬ್ಲೂ ಅನ್ನೋ ಬಣ್ಣ. ಬ್ಯಾಕ್ಟೀರಿಯಾ ಬದುಕಿ ಉಸಿರಾಡುತ್ತಿದ್ದರೆ ನೀಲಿ ಹೋಗಿ ಗುಲಾಬಿ ಆಗುತ್ತೆ, ಸತ್ತಿದ್ದರೆ ನೀಲಿಯಾಗೇ ಇರುತ್ತೆ. ಪ್ರತಿ ಗುಳಿಗೂ ಮೂರು ಬಣ್ಣದ ಎಲ್‌ಇಡಿ ಬೆಳಕು ಹಾಯಿಸಿ ಅಳೆಯೋದು, ಅಂಕಿಗಳನ್ನು ರೇಡಿಯೋದಲ್ಲಿ ಕೆಳಗೆ ಕಳಿಸೋದು. ವಾಪಸ್ ತರೋ ತಾಪತ್ರಯವೇ ಇಲ್ಲ.

ಎಂಜಿನಿಯರ್ ಕಣ್ಣಿಗೆ ಇದರಲ್ಲಿ ಎರಡು ಶತ್ರು. ಗಾಳಿಗುಳ್ಳೆ ಮತ್ತು ತಾಪಮಾನ. ಇಲ್ಲಿ ಗುಳ್ಳೆ ಮೇಲಕ್ಕೆ ಹೋಗಿ ಒಡೆಯುತ್ತೆ. ಅಲ್ಲಿ ಎಲ್ಲಿಗೆ ಅಂತ ಹೋಗಬೇಕು? ಗುಳಿಯ ನಡುವೆಯೇ ಕೂತು ಬೆಳಕಿನ ದಾರಿಗೆ ಅಡ್ಡ ಬರುತ್ತೆ, ಓದಿದ ಅಂಕಿ ಎಲ್ಲ ಹಾಳು. ತಾಪಮಾನ 37 ಡಿಗ್ರಿಯಲ್ಲಿ ಇರಲೇಬೇಕು. ಹೊರಗೆ ಒಂದೂವರೆ ಗಂಟೆಗೊಂದು ಹಗಲು ರಾತ್ರಿ ಬದಲಾಗುತ್ತಿರುತ್ತೆ.

ನಮ್ಮೂರಿನದ್ದೂ ಒಂದಿದೆ, ಸಿರಿ ಸೆಮಿನಾರಿಗೆ ಹಾಕಿಕೊಳ್ಳಬಹುದು. ಐಐಎಸ್‌ಸಿ ಮತ್ತು ಇಸ್ರೋ ಸೇರಿ ಅಂತರಿಕ್ಷದಲ್ಲಿ ಬ್ಯಾಕ್ಟೀರಿಯಾ ಬೆಳೆಸೋ ಪುಟ್ಟ ಉಪಕರಣ ಮಾಡಿದ್ದಾರೆ, 2021ರಲ್ಲಿ ಪ್ರಕಟ ಆಯಿತು. ಅದರಲ್ಲೂ ಎಲ್‌ಇಡಿ, ಆಚೆ ಕಡೆ ಫೋಟೋಡಯೋಡ್, ದ್ರವ ಎಷ್ಟು ಮಂಕಾಯಿತು ಅಂತ ನೋಡೋದು. ಪರೀಕ್ಷಿಸಿದ ಬ್ಯಾಕ್ಟೀರಿಯಾ ಸ್ಪೋರೋಸಾರ್ಸಿನಾ ಪಾಶ್ಚುರಿ. ಅದು ಔಷಧಿ ಪರೀಕ್ಷೆ ಅಲ್ಲ, ಬರೀ ಬೆಳವಣಿಗೆ. ಆದರೆ ಮೊದಲು ಬೆಳವಣಿಗೆ ಅಳೆಯೋಕೆ ಬಂದರೆ ತಾನೇ ಔಷಧಿ ಹಾಕಿ ನೋಡೋದು.

ಹಳೇ_ಲ್ಯಾಬ್_ಕೈ

ತಾಪಮಾನದ ಮಾತಿಗೆ ನನ್ನದೊಂದು. ಹಿಂದೆ ಒಂದು ಲ್ಯಾಬಿನಲ್ಲಿ ಇದ್ದಾಗ ರಾತ್ರಿ ಕರೆಂಟ್ ಹೋಗಿ ಜನರೇಟರ್ ಕೈಕೊಟ್ಟಿತ್ತು. ಬೆಳಗ್ಗೆ ಇನ್ಕ್ಯುಬೇಟರ್ ಬಾಗಿಲು ತೆಗೆದರೆ ಒಳಗೆ ತಣ್ಣಗೆ, ಪ್ಲೇಟ್ ಮೇಲೆ ಬೆಳೆ ಇನ್ನೂ ತೆಳು ಮಂಜಿನ ಥರ. ಝೋನ್‌ಗಳು ಇಷ್ಟಗಲ! ಹೊಸ ಹುಡುಗ ಒಬ್ಬ ಖುಷಿಯಿಂದ ಎಲ್ಲಕ್ಕೂ "ಎಸ್" (ಔಷಧಿ ನಾಟುತ್ತೆ ಅಂತ) ಬರೆಯುತ್ತಾ ಹೋಗುತ್ತಿದ್ದ. ನಿಲ್ಲಿಸಿ ಇಪ್ಪತ್ತೂ ಪ್ಲೇಟ್ ಮತ್ತೆ ಹಾಕಿಸಿದೆ, ರಿಪೋರ್ಟ್ ತಡ ಆಗಿದ್ದಕ್ಕೆ ಬೈಸಿಕೊಂಡಿದ್ದೂ ನಾನೇ. ಬೆಳೆ ನಿಧಾನ ಆದರೆ ಔಷಧಿ ಶೂರನ ಹಾಗೆ ಕಾಣುತ್ತೆ, ಬೆಳೆ ಜೋರಾದರೆ ಹೇಡಿ ಹಾಗೆ. ಅಂತರಿಕ್ಷದ ಅಂಕಿ ಓದುವಾಗಲೂ ನನಗೆ ಇದೇ ಗುಮಾನಿ.

ಅನುಮಾನದ_ಆಸಾಮಿ

ಆ ಗುಮಾನಿಯನ್ನೇ ಇನ್ನೂ ಎಳೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎಇಎಸ್-1ರ ಫಲಿತಾಂಶ 2017ರಲ್ಲಿ ಪ್ರಕಟ ಆಯಿತು. ಎಲ್ಲರೂ ಎತ್ತಿ ಹೇಳೋದು ಒಂದೇ ಅಂಕಿ: ಭೂಮಿಯ ಜೋಡಿಗಿಂತ ಅಲ್ಲಿ ಕೊನೆಗೆ ಸಿಕ್ಕ ಜೀವಕೋಶ 13 ಪಟ್ಟು, ಮತ್ತು ಸಾಮಾನ್ಯವಾಗಿ ಬೆಳೆಯೋಕೇ ಬಿಡದ ಪ್ರಮಾಣದ ಜೆಂಟಾಮೈಸಿನ್ ಇದ್ದರೂ ಬೆಳೆದಿದ್ದವು. ಸರಿ. ಆದರೆ ಮಂದಿ ಜಾಸ್ತಿ ಇದ್ದರೆ ಅಷ್ಟೇ ಔಷಧಿ ಹಂಚಿಕೊಂಡು ತಲೆಗೆ ಕಡಿಮೆ ಬೀಳುತ್ತೆ, ಇದು ಬೆಂಚಿನವರಿಗೆ ಹಳೇ ಸುದ್ದಿ, ಇನಾಕ್ಯುಲಮ್ ಪರಿಣಾಮ ಅಂತಾರೆ. ಹಾಗಾಗಿ ಬ್ಯಾಕ್ಟೀರಿಯಾ ಗಟ್ಟಿ ಆಯಿತೋ, ಗುಂಪು ದೊಡ್ಡದಾಯಿತೋ, ಇಲ್ಲ ಔಷಧಿ ಅದರ ಹತ್ತಿರ ಹೋಗೋದೇ ತಡವಾಯಿತೋ, ಮೂರನ್ನೂ ಬಿಡಿಸಿ ನೋಡೋದು ಸುಲಭ ಅಲ್ಲ.

ಅದೇ ಪ್ರಯೋಗದಲ್ಲಿ ನನಗೆ ಈ 13ಕ್ಕಿಂತ ಮುಖ್ಯ ಅನಿಸಿದ್ದು ಚಿತ್ರಗಳು. ಅಲ್ಲಿನ ಇ. ಕೋಲೈ ಭೂಮಿಯದ್ದರ ಗಾತ್ರದಲ್ಲಿ ಸರಾಸರಿ ನೂರಕ್ಕೆ 37ರಷ್ಟೇ ಇತ್ತು. ಕುಗ್ಗಿದ್ದವು. ಹೊರಗಿನ ಹೊದಿಕೆ ಮಾತ್ರ 25ರಿಂದ 43 ಪ್ರತಿಶತ ದಪ್ಪ. ಮೈಮೇಲೆ ಸಣ್ಣ ಸಣ್ಣ ಗುಳ್ಳೆಯಂಥ ಚೀಲಗಳು, ಭೂಮಿಯಲ್ಲಿ ಬೆಳೆದದ್ದರಲ್ಲಿ ಅವು ಇರಲಿಲ್ಲ. ಇನ್ನೊಂದು ಬರಿಗಣ್ಣಿಗೇ ಕಾಣೋದು: ಇಲ್ಲಿನ ಟ್ಯೂಬ್ ಪೂರ್ತಿ ತೆಳು ಮಜ್ಜಿಗೆ ಥರ ಒಂದೇ ಸಮ ಮಂಕು, ಅಲ್ಲಿನದ್ದರಲ್ಲಿ ಎಲ್ಲ ಒಂದೇ ಮುದ್ದೆಯಾಗಿ ಕೂತು ಸುತ್ತಲಿನ ದ್ರವ ತಿಳಿ. ಮುದ್ದೆಯ ಒಳಗೆ ಇರೋವಕ್ಕೆ ಔಷಧಿ ಮುಟ್ಟೋದು ಹೇಗೆ? ಹಾಗಾಗಿ "ಸಾಯೋದೇ ಇಲ್ಲ" ಅನ್ನೋದಕ್ಕಿಂತ "ಸಿಗೋದೇ ಇಲ್ಲ" ಅನ್ನೋದು ಹತ್ತಿರ ಇರಬಹುದು. ಇದು ನನ್ನ ಊಹೆ, ಸೆಮಿನಾರಿನಲ್ಲಿ ನನ್ನ ಮೇಲೆ ಹಾಕಿ.

ದ್ರವದ ಬದಲು ಅಗರ್ ಮೇಲೆ ಬೆಳೆಸಿ ನೋಡಿದವರೂ ಇದ್ದಾರೆ, ಅಲ್ಲಿ ಜೆಂಟಾಮೈಸಿನ್ ಇಷ್ಟು ಸೋಲಲಿಲ್ಲ. ಅಗರ್‌ನಲ್ಲಿ ದ್ರವದ ಓಡಾಟ ಭೂಮಿಯ ಮೇಲೂ ಇರಲ್ಲ, ಹಾಗಾಗಿ ಕಳೆದುಕೊಳ್ಳೋದೂ ಏನಿಲ್ಲ. ಕಾಫಿ ಉದಾಹರಣೆಗೆ ಇದು ಸರಿಯಾಗಿ ಹೊಂದುತ್ತೆ, ಅಲ್ವಾ?

ವಂಶಕ್ಕೆ ಹೋಗೋ ರೆಸಿಸ್ಟೆನ್ಸ್ ಬಗ್ಗೆ ಬೇರೆಯದೇ ಕೆಲಸ ಇದೆ, ಹ್ಯೂಸ್ಟನ್ ಕಡೆಯವರದ್ದು, 2019ರದ್ದು. ಭೂಮಿಯ ಮೇಲೇ, ಭಾರ ಇಲ್ಲದ ಸ್ಥಿತಿಯನ್ನು ಅನುಕರಿಸೋಕೆ ತಿರುಗೋ ಪಾತ್ರೆಯಲ್ಲಿ ಇ. ಕೋಲೈಯನ್ನು 1000 ತಲೆಮಾರು ಬೆಳೆಸಿದರು. ಜೊತೆಗೆ ಚೂರು ಕ್ಲೋರಾಂಫೆನಿಕಾಲ್ ಇಟ್ಟಿದ್ದವು ನಿಜವಾಗಿಯೂ ರೆಸಿಸ್ಟೆಂಟ್ ಆದವು, ಬೇರೆ ಕೆಲವು ಔಷಧಿಗಳಿಗೂ. ಔಷಧಿ ತೆಗೆದ ಮೇಲೆ ನೂರಕ್ಕೂ ಜಾಸ್ತಿ ತಲೆಮಾರು ಕಳೆದರೂ ಅದು ಹೋಗಲಿಲ್ಲ. ಅಂದರೆ ಚಿಕ್ಕಪ್ಪನಿಗೆ ಹೇಳಬೇಕಾದ್ದು: ಭಾರ ಇಲ್ಲದ್ದಕ್ಕಿಂತ ಚೂರುಪಾರು ಔಷಧಿ ಜೊತೆಗಿರೋದೇ ಕೆಟ್ಟದ್ದು.

ಸಿರಿ_ಮೈಕ್ರೋ

ಅಯ್ಯೋ ಇಷ್ಟೊಂದು! ಎಲ್ಲರಿಗೂ ಥ್ಯಾಂಕ್ಸ್. ಮುದ್ದೆಯ ವಿಷಯ ಓದಿ ಅಮ್ಮನಿಗೂ ಹೇಳಿದೆ.

ಒಂದು ಸಂಶಯ. ಇಕ್ಯಾಮ್‌ಸ್ಯಾಟ್‌ನಲ್ಲಿ ಕೊನೆಗೆ ಏನು ಗೊತ್ತಾಯಿತು? ಜೆಂಟಾಮೈಸಿನ್ನೇ ಯಾಕೆ? ಗಗನಯಾತ್ರಿಗಳಿಗೆ ನಿಜವಾಗಿ ಇನ್‌ಫೆಕ್ಷನ್ ಆಗಿದೆಯಾ, ಇಲ್ಲ ಇದೆಲ್ಲ ಸುಮ್ನೆ ಮುಂಜಾಗ್ರತೆಯಾ?

ಗುಳಿಗೆ_ಡಬ್ಬಿ

ಕೊನೆಯ ಪ್ರಶ್ನೆಗೆ ನಾನು. ಫಾರ್ಮಸಿ ಓದಿದವಳು, ಶಿವಮೊಗ್ಗದಲ್ಲಿ ಅಂಗಡಿ.

ಆಗಿದೆ. ಅಪೊಲೊ 13, 1970ರ ಏಪ್ರಿಲ್. ಆಮ್ಲಜನಕದ ಟ್ಯಾಂಕ್ ಸಿಡಿದ ಕಥೆ ಎಲ್ಲರಿಗೂ ಗೊತ್ತು. ಆ ಚಳಿಯಲ್ಲಿ ನೀರನ್ನೂ ಅಳೆದು ಕುಡಿಯಬೇಕಾಯಿತು. ಫ್ರೆಡ್ ಹೇಯ್ಸ್‌ಗೆ ಮೂತ್ರದ ಸೋಂಕು ಬಂದು ಜ್ವರ, ನಡುಕ. ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಅಂತ ಆಮೇಲೆ ಗೊತ್ತಾಯಿತು. ನೀರು ಕಡಿಮೆ ಕುಡಿದರೆ ಏನಾಗುತ್ತೆ ಅಂತ ನಮ್ಮ ಅಂಗಡಿಗೆ ಬೇಸಿಗೆಯಲ್ಲಿ ಬರೋ ಹೆಂಗಸರನ್ನು ಕೇಳಿ, ಇಲ್ಲಿ ಮೂರು ದಿನಕ್ಕೆ ಸಂಕಟ ಶುರು. ಇಕ್ಯಾಮ್‌ಸ್ಯಾಟ್‌ಗೆ ಮೂತ್ರದ ಸೋಂಕು ತರುವ ಇ. ಕೋಲೈ ತಳಿಯನ್ನೇ ಆರಿಸಿದ್ದೂ, ಅದಕ್ಕೆ ಕೊಡೋ ಜೆಂಟಾಮೈಸಿನ್ ಇಟ್ಟಿದ್ದೂ ಅದಕ್ಕೇ. ಮೇಲೆ ಹೋದವರ ರೋಗನಿರೋಧಕ ಶಕ್ತಿಯೂ ಸ್ವಲ್ಪ ತಗ್ಗುತ್ತೆ, ಅದೂ ಒಂದು.

ಆದರೆ ನೀವೆಲ್ಲ ಬ್ಯಾಕ್ಟೀರಿಯಾ ಕಡೆಯೇ ನೋಡುತ್ತಿದ್ದೀರಿ, ಗುಳಿಗೆ ಕಡೆ ಯಾರೂ ನೋಡಲಿಲ್ಲ! 2011ರಲ್ಲಿ ನಾಸಾದವರೇ ಪ್ರಕಟಿಸಿದ್ದು: 35 ಬಗೆಯ ಔಷಧಿ ನಿಲ್ದಾಣದಲ್ಲಿ ಇಟ್ಟು, ಅಂಥವೇ ಭೂಮಿಯಲ್ಲೂ ಇಟ್ಟು, 28 ತಿಂಗಳವರೆಗೆ ನೋಡಿದರು. ಅಲ್ಲಿ ಇದ್ದವುಗಳಲ್ಲಿ ಸತ್ವ ಬೇಗ ಇಳಿದದ್ದು ಜಾಸ್ತಿ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಕೂಡ ಅದರಲ್ಲಿತ್ತು. ಕ್ಲಾವುಲನೇಟ್‌ಗೆ ತೇವ ಅಂದರೆ ಆಗಲ್ಲ, ಅದಕ್ಕೇ ಇಲ್ಲಿ ಅಲ್ಯೂಮಿನಿಯಂ ಪಟ್ಟಿಯಲ್ಲಿ ಬರೋದು. ಜಾಗ, ತೂಕ ಉಳಿಸೋಕೆ ಅಂತ ಅಲ್ಲಿಗೆ ಕಳಿಸುವಾಗ ಮೂಲ ಪ್ಯಾಕ್‌ನಿಂದ ತೆಗೆದು ಬೇರೆ ಪ್ಯಾಕ್‌ಗೆ ಹಾಕುತ್ತಿದ್ದರು. ನನ್ನ ಮಟ್ಟಿಗೆ ಮೊದಲ ಗುಮಾನಿ ಅದರ ಮೇಲೇ. ನಮ್ಮ ಅಂಗಡಿಗೇ ಬರ್ತಾರೆ, ಪಟ್ಟಿಯಿಂದ ಎಲ್ಲ ಗುಳಿಗೆ ಕಿತ್ತು ಸ್ಟೀಲ್ ಡಬ್ಬಿಗೆ ಹಾಕಿ, "ಯಾಕೋ ಬಣ್ಣ ಬದಲಾಗಿದೆ ನೋಡಮ್ಮ" ಅಂತ. ಮಂಗಳನ ಕಡೆ ಹೋಗಿ ಬರೋಕೆ ಎರಡೂವರೆ ಮೂರು ವರ್ಷ. ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಸತ್ತರೂ, ಹೊತ್ತೊಯ್ದ ಗುಳಿಗೆಯಲ್ಲಿ ಅಷ್ಟು ಔಷಧಿ ಉಳಿದಿರಬೇಕಲ್ಲ.

ನಟ್ಟು_ಬೋಲ್ಟು

ಇಕ್ಯಾಮ್‌ಸ್ಯಾಟ್ ಫಲಿತಾಂಶ, ನನಗೆ ಅರ್ಥ ಆದಷ್ಟು: ಅವರು ಎರಡು ತಳಿ ಕಳಿಸಿದ್ದರು. ಒಂದು ಮಾಮೂಲಿ, ಇನ್ನೊಂದರಲ್ಲಿ ಆರ್‌ಪಿಒಎಸ್ ಅನ್ನೋ ಜೀನ್ ಕಿತ್ತುಹಾಕಿದ್ದು. ಹಸಿವಾದಾಗ, ಕಷ್ಟ ಬಂದಾಗ ಬ್ಯಾಕ್ಟೀರಿಯಾ ಬಾಗಿಲು ಭದ್ರ ಮಾಡಿಕೊಳ್ಳೋಕೆ ಬೇಕಾದ ಜೀನ್ ಅದು. ಅದು ಇಲ್ಲದ ತಳಿ ಅಂತರಿಕ್ಷದಲ್ಲೂ ಜೆಂಟಾಮೈಸಿನ್‌ಗೆ ಬೇಗ ಸೋತಿತು. 2020ರಲ್ಲಿ ಬರೆದಿದ್ದಾರೆ. ಅಂದರೆ ಹೊಸ ಆಂಟಿಬಯೋಟಿಕ್ ಹುಡುಕೋ ಬದಲು ಆ ಬಾಗಿಲನ್ನೇ ಸಡಿಲ ಮಾಡಬಹುದಾ ಅನ್ನೋದು ಅವರ ದಾರಿ. ಭೂಮಿಗೂ ಆಗೋ ಮಾತು.

ಸಿರಿ_ಮೈಕ್ರೋ

ಸೆಮಿನಾರ್ ವಿಷಯ ಇದೇ ಅಂತ ಹೆಸರು ಕೊಟ್ಟು ಬಂದೆ. ಮೇಡಂ ಒಪ್ಪಿದರು, ಜೊತೆಗೆ "ಏನಾದರೂ ಮಾಡಿ ತೋರಿಸೋಕಾಗುತ್ತಾ" ಅಂದರು. ಆ ತಿರುಗೋ ಪಾತ್ರೆ ಥರದ್ದು ಕಾಲೇಜಿನಲ್ಲಿ ಮಾಡಬಹುದಾ? ತಮ್ಮ ಹಳೇ ಮಿಕ್ಸಿ ಮೋಟಾರ್ ತಂದು ಇಟ್ಟಿದ್ದಾನೆ.

ಹಳೇ_ಲ್ಯಾಬ್_ಕೈ

ಮಿಕ್ಸಿ ಮೋಟಾರಾ! ತಮ್ಮನಿಗೆ ಅದನ್ನು ವಾಪಸ್ ಅಡುಗೆಮನೆಗೆ ಇಡೋಕೆ ಹೇಳಿ.

ಮಾಡಬಹುದು, ಆದರೆ ನಿಜವಾದ ಅಂತರಿಕ್ಷ ಅದಲ್ಲ ಅಂತ ಮೊದಲೇ ಹೇಳಿಬಿಡಿ. ಟ್ಯೂಬನ್ನು ಅಡ್ಡಡ್ಡ ಮಲಗಿಸಿ ನಿಧಾನಕ್ಕೆ ತಿರುಗಿಸಿದರೆ ಬ್ಯಾಕ್ಟೀರಿಯಾ ಬೀಳೋಕೆ ಒಂದೇ ದಿಕ್ಕು ಸಿಗಲ್ಲ, ತಳ ಸೇರಲ್ಲ, ಅಷ್ಟೇ. ರೋಗಿಯ ಸ್ಯಾಂಪಲ್ಲಿನ ತಳಿ ಮುಟ್ಟಬೇಡಿ, ಕಾಲೇಜಿನಲ್ಲಿ ಪಾಠಕ್ಕೆ ಇಟ್ಟಿರೋ ಇ. ಕೋಲೈನ ಕೆ-12 ತಳಿ ಸಾಕು. ಟ್ಯೂಬ್ ತುದಿವರೆಗೆ ತುಂಬಿ, ಒಂದು ಗುಳ್ಳೆ ಇದ್ದರೂ ಅದು ಓಡಾಡಿ ಚಮಚದ ಕೆಲಸ ಮಾಡಿಬಿಡುತ್ತೆ, ನೀವು ಮಾಡಿದ್ದೆಲ್ಲ ವ್ಯರ್ಥ. ಕಂಟ್ರೋಲ್‌ಗೆ ಇನ್ನೊಂದು ಟ್ಯೂಬನ್ನು ನೆಟ್ಟಗೆ ನಿಲ್ಲಿಸಿ, ಅದೇ ವೇಗದಲ್ಲಿ ತಿರುಗಿಸಿ. ಸುಮ್ಮನೆ ಇಟ್ಟ ಟ್ಯೂಬ್ ಜೊತೆ ಹೋಲಿಸಬೇಡಿ. ಎರಡಕ್ಕೂ ಒಂದೇ ಬ್ರಾತ್, ಒಂದೇ ಮಂಕು, ಹಿಂದೆ ಕಪ್ಪು ಗೆರೆ ಎಳೆದ ಕಾರ್ಡ್ ಹಿಡಿದು 0.5 ಮ್ಯಾಕ್‌ಫರ್ಲೆಂಡ್‌ಗೆ (ಮಂಕು ಹೋಲಿಸಿ ನೋಡೋ ಮಾನಕ) ಹೊಂದಿಸಿ ಶುರು ಮಾಡಿ. ಔಷಧಿ ಹಾಕೋದನ್ನು ಮೇಡಂ ಎದುರಿಗೇ ಮಾಡಿ, ಆದಮೇಲೆ ಎಲ್ಲ ಆಟೋಕ್ಲೇವ್‌ಗೆ, ಒತ್ತಡದ ಹಬೆಯಲ್ಲಿ ಸಾಯಲಿ.

ನಟ್ಟು_ಬೋಲ್ಟು

ಮೋಟಾರ್ ನನಗೆ ಬಿಡಿ. 12 ವೋಲ್ಟ್ ಡಿಸಿ ಗೇರ್ ಮೋಟಾರ್, 30 ಆರ್‌ಪಿಎಂ. ಬೆಂಗಳೂರಿನಲ್ಲಿ ಯಾರಾದರೂ ಇದ್ದರೆ ಎಸ್‌ಪಿ ರೋಡ್‌ಗೆ ಕಳಿಸಿ, ಎರಡು ತರೋಕೆ ಹೇಳಿ, ಒಂದೇ ಅಂಗಡಿಯದ್ದು. 30 ಇಲ್ಲ, 300 ಇದೆ, ವೋಲ್ಟ್ ಇಳಿಸಿ ಓಡಿಸಿ ಅಂತಾರೆ. ತಗೋಬೇಡಿ. ಇನ್ಕ್ಯುಬೇಟರ್ ಒಳಗೆ ಇಡೋದಾದರೆ ಮೋಟಾರ್ ಬಿಸಿ ಟ್ಯೂಬಿಗೆ ತಾಗದ ಹಾಗೆ ನಡುವೆ ಉದ್ದನೆಯ ಕಡ್ಡಿ ಹಾಕಿ.

ಸಿರಿ_ಮೈಕ್ರೋ

ಅಣ್ಣ ಯಶವಂತಪುರದಲ್ಲಿ ಇದ್ದಾನೆ, ಶನಿವಾರ ಹೋಗ್ತಾನಂತೆ. ಎಷ್ಟು ಉದ್ದದ ಕಡ್ಡಿ?

ನಟ್ಟು_ಬೋಲ್ಟು

ಒಂದು ಗೇಣು.